ಏಳು ಮಳೆಗಾಲದ ಎಣ್ಣೆ

ಸೆಪ್ಟೆಂಬರ್ ಕೊನೆಯ ವಾರ ಮಳೆ ಹೊಳವಾಗಿ, ಸೋಮವಾರಪೇಟೆಯ ಬೀದಿಯಲ್ಲಿ ಜನ ಕೊಡೆ ಮಡಿಸಿಕೊಂಡು ಓಡಾಡತೊಡಗಿದ ಮೇಲೆ, ಮರುಳಸಿದ್ದಪ್ಪನವರ ಕಾರು ಮರದ ದಿಮ್ಮಿಗಳ ಮೇಲಿಂದ ನೆಲಕ್ಕಿಳಿಯಿತು. ಅವರ ಏಲಕ್ಕಿ ಮಂಡಿಯಿಂದ ನಾಲ್ಕು ಆಳು ಬಂದು ಎತ್ತಿ ಇಳಿಸಿ, ಬೆಲ್ಲದ ಕಾಫಿ ಕುಡಿದು ಹೋದರು. ಅವರ ಹೆಂಡತಿ ವಿಶಾಲಾಕ್ಷಮ್ಮ ಶೆಡ್ಡಿನ ಬಾಗಿಲಿಗೆ ಒರಗಿಕೊಂಡು ನೋಡಿದಳು. ಈ ವರ್ಷದ್ದು ಮುಗಿಯಿತು ಎಂದುಕೊಂಡಳು. ಹಾಗೆಂದುಕೊಂಡ ಬೆನ್ನಿಗೇ ಬರುವ ವರ್ಷದ ಜೂನ್ ತಿಂಗಳು ಕಣ್ಣೆದುರಿಗೆ ಬಂದು ನಿಂತಿತು.

ಅದು ಎರಡೇ ಸೀಟಿನ, ಉದ್ದ ಮೂತಿಯ, ಕಡುಹಸಿರು ಬಣ್ಣದ ಇಂಗ್ಲಿಷ್ ಕಾರು. ಸ್ವಾತಂತ್ರ್ಯ ಬಂದ ಎರಡನೆಯ ವರ್ಷ ಎಸ್ಟೇಟು ಮಾರಿ ವಿಲಾಯಿತಿಗೆ ಹೊರಟ ಒಬ್ಬ ಬಿಳಿ ದೊರೆಯಿಂದ ಮರುಳಸಿದ್ದಪ್ಪ ಕೊಂಡದ್ದು. ಗಂಟೆಗೆ ಎಂಬತ್ತು ಮೈಲಿ ಓಡುತ್ತದೆ ಎಂದು ದೊರೆ ಹೇಳಿದ್ದನಂತೆ. ಕೊಡಗಿನ ಯಾವ ರಸ್ತೆಯಲ್ಲಿ ಎಂದು ಯಾರೂ ಕೇಳಿರಲಿಲ್ಲ. ಬಿಸಿಲುಗಾಲದ ಎಂಟು ತಿಂಗಳು ಅದು ಸೋಮವಾರದ ಸಂತೆಗೆ ಮಂಡಿಯವರೆಗೆ ಹೋಗುತ್ತಿತ್ತು, ತಿಂಗಳಿಗೊಮ್ಮೆ ಮಡಿಕೇರಿಗೆ. ಮಳೆಗಾಲದಲ್ಲಿ ಶೆಡ್ಡಿನಲ್ಲಿ ದಿಮ್ಮಿಯ ಮೇಲೆ ಕೂರುತ್ತಿತ್ತು. ವಿಶಾಲಾಕ್ಷಮ್ಮ ಈ ಏಳು ವರ್ಷದಲ್ಲಿ ಅದರೊಳಗೆ ಕೂತದ್ದು ನಾಲ್ಕು ಸಲ. ಕೊನೆಯ ಸಲ ಕೂತದ್ದು ಹೋದ ವರ್ಷ, ಮಡಿಕೇರಿಯ ಡಾಕ್ಟರ ಹತ್ತಿರ ಹೋಗಲು.

ಕೊಡಗಿನ ಮನೆಗಳಲ್ಲಿ ಮಳೆಗಾಲದ ಬಟ್ಟೆ ಒಣಗುವುದು ಕೆಂಡದ ಮೇಲೆ. ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಕೆಂಡ ಮಾಡಿ, ದೊಡ್ಡ ಬಿದಿರ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಒದ್ದೆ ಬಟ್ಟೆ ಹರಡುತ್ತಾರೆ. ಕಾರು ಬಂದ ಮೊದಲ ಮಳೆಗಾಲದಲ್ಲೇ ಮರುಳಸಿದ್ದಪ್ಪನವರಿಗೆ ಉಪಾಯ ಹೊಳೆಯಿತು. ಲಂಗೋಟಿ ಒಣಗುವುದಾದರೆ ಕಾರು ಯಾಕೆ ಒಣಗಬಾರದು? ಟ್ಯಾಂಕಿನ ಪೆಟ್ರೋಲನ್ನೆಲ್ಲ ಡಬ್ಬಿಗೆ ಬಸಿದು ಮಂಡಿಗೆ ಸಾಗಿಸಿದರು. ಹಾಗಿದ್ದರೂ ಎಚ್ಚರಿಕೆಗೆಂದು, ಹಿಂದಿನ ಟ್ಯಾಂಕಿಗೂ ಮುಂದಿನ ಇಂಜಿನ್ನಿಗೂ ಸಮದೂರದಲ್ಲಿ, ಕಾರಿನ ಹೊಟ್ಟೆಯ ನಟ್ಟನಡುವೆ ನೆಲದ ಮೇಲೆ ಸುಣ್ಣದಲ್ಲಿ ಒಂದು ಗುರುತು ಬರೆದರು. "ದಿನಾ ದೀಪ ಹಚ್ಚೋ ಹೊತ್ತಿಗೆ ಅಗ್ಗಿಷ್ಟಿಕೆ ಇಲ್ಲಿ ಇಡಬೇಕು. ಒಂದು ಅಂಗುಲ ಆಕಡೆ ಈಕಡೆ ಆಗಬಾರದು" ಎಂದರು. ಕೆಲಸದ ಹುಚ್ಚಮ್ಮ ಕೈತಪ್ಪಿ ಬೀಳಿಸಿಯಾಳು. ತಾವೇ ಇಡೋಣವೆಂದರೆ ಏಲಕ್ಕಿ ವ್ಯಾಪಾರಿಯ ಮೂಗು. ಕೆಂಡದ ಗಾಳಿ ಕುಡಿದರೆ ಯಾವ ತೋಟದ ಏಲಕ್ಕಿ ಯಾವುದೆಂದು ತಿಳಿಯುವುದಿಲ್ಲ. ಉಳಿದವಳು ವಿಶಾಲಾಕ್ಷಮ್ಮ. ಅವಳಲ್ಲಿ ಅವರಿಗೆ ಪೂರ್ತಿ ನಂಬಿಕೆ.

ಇದ್ದಿಲು ಊದಿ ಊದಿ, ಬಗ್ಗಿ ಕಾರಿನ ಕೆಳಗೆ ತೆವಳಿ, ಕೆಂಡಕ್ಕೆ ಬೂದಿ ಮುಚ್ಚಿ ಬರುವಷ್ಟರಲ್ಲಿ ಅವಳ ಎದೆ ಕೊಳಲಿನಂತೆ ಸಿಳ್ಳೆ ಹೊಡೆಯತೊಡಗಿ ಮೂರು ವರ್ಷವಾಗಿತ್ತು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಇದ್ದಿಲ ಹತ್ತಿರ ಹೋಗಬೇಡಿ. ಇನ್ನೆರಡು ಮಳೆಗಾಲ ಹೀಗೇ ಕಳೆದ್ರೆ ನನ್ನ ಔಷಧಿ ಕೆಲಸ ಮಾಡಲ್ಲ" ಎಂದಿದ್ದರು. "ಮನೇಲೇ ಇರ್ತಾಳೆ ಡಾಕ್ಟ್ರೇ, ಎಲ್ಲಿಗೂ ಹೋಗಲ್ಲ. ಸುಸ್ತು ಯಾಕಾಗುತ್ತೆ?" ಎಂದು ಮರುಳಸಿದ್ದಪ್ಪ ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು. ವಾಪಸ್ಸು ಬರುವಾಗ, ಡಾಕ್ಟರು ಹೇಳಿದ್ದು ಹೊಗೆಗೆ, ಕೆಂಡದಲ್ಲಿ ಹೊಗೆ ಎಲ್ಲಿದೆ ಎಂದರು. ಡಾಕ್ಟರು ಹೇಳಿದ ಎರಡರಲ್ಲಿ ಒಂದು ಮಳೆಗಾಲ ಈಗ ಮುಗಿದಿತ್ತು. ಉಳಿದದ್ದು ಇನ್ನೊಂದು. ಬರುವ ಜೂನಿನಲ್ಲಿ ಆ ಅಗ್ಗಿಷ್ಟಿಕೆಯನ್ನು ಮುಟ್ಟುವುದು ತಪ್ಪಿದರೆ ಸಾಕು, ಅವಳಿಗೆ ಬೇರೇನೂ ಬೇಕಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿನಲ್ಲಿ ಮಡಿಕೇರಿಯಿಂದ ಮೆಕ್ಯಾನಿಕ್ ನಾಣಯ್ಯ ಬಂದ. ಯುದ್ಧಕಾಲದಲ್ಲಿ ಬರ್ಮಾದವರೆಗೆ ಹೋಗಿ ಪಟಾಲಮ್ಮಿನ ಲಾರಿ ರಿಪೇರಿ ಮಾಡಿ ಬಂದವನು. ಮೀಸೆಯನ್ನೂ ಖಾಕಿ ಚಡ್ಡಿಯನ್ನೂ ಅಲ್ಲಿಂದಲೇ ತಂದಿದ್ದ. ಕಾರಿನ ಸುತ್ತ ಒಂದು ಸುತ್ತು ಬಂದು ನಕ್ಕ.

"ಎಂಥ ಮರುಳಸಿದ್ದಪ್ಪನವರೇ, ಇದು ಕಾರಾ, ಕಲ್ಲಿನ ಬಸವಣ್ಣನಾ? ಎಲ್ಲಿಗೂ ಹೋಗೋದೇ ಇಲ್ಲವಲ್ಲ!"

"ಕಲ್ಲಿನ ಬಸವಣ್ಣಂಗೆ ಗೇರು ಇರಲ್ಲ. ಹತ್ತಿ ನೋಡಿ" ಎಂದರು ಮರುಳಸಿದ್ದಪ್ಪ.

ನಾಣಯ್ಯ ಹತ್ತಿ ಇಂಜಿನ್ ಎಬ್ಬಿಸಿದ. ಮೊದಲನೆಯ ಗೇರು ಗೊಣಗಿಕೊಂಡು ಬಿತ್ತು. ಅಂಗಳ ದಾಟುವಾಗ ಎರಡನೆಯದಕ್ಕೆ ಹಾಕಲು ಹೋದರೆ ಕರ್ರೆಂದು ಕಿರುಚಿತು. ಹಿತ್ತಲಲ್ಲಿದ್ದ ಹುಚ್ಚಮ್ಮ ನೆರೆಮನೆಯ ಕೋಳಿಗೆ ನಾಯಿ ಬಿತ್ತೇನೋ ಎಂದು ಪೊರಕೆ ಹಿಡಿದು ಓಡಿಬಂದಳು.

"ಗೇರಿನ ಎಣ್ಣೆ ಯಾವಾಗ ಬದಲಾಯಿಸಿದ್ದು?" ನಾಣಯ್ಯ ಕೇಳಿದ.

"ಬದಲಾಯಿಸೋದ್ಯಾಕೆ? ಪುಸ್ತಕದಲ್ಲಿ ಐದು ಸಾವಿರ ಮೈಲಿಗೆ ಅಂತ ಬರೆದಿದೆ. ಇದು ನನ್ನ ಕೈಗೆ ಬಂದ ಮೇಲೆ ಓಡಿರೋದು ನಾಲ್ಕು ಸಾವಿರದ ಮುನ್ನೂರು. ಇನ್ನೂ ಏಳುನೂರು ಮೈಲಿ ಇದೆ."

"ಏಳು ವರ್ಷಕ್ಕೆ ನಾಲ್ಕು ಸಾವಿರ! ನಿಮ್ಮ ಮಂಡಿಯ ಎತ್ತು ಇದಕ್ಕಿಂತ ಹೆಚ್ಚು ನಡೆದಿರಬೇಕು."

"ಅದಕ್ಕೇ ನಾನು ಹೇಳೋದು, ಹೊಸ ಕಾರು ಇದ್ದ ಹಾಗಿದೆ ಅಂತ. ಓಡದೆ ಇದ್ದ ಪದಾರ್ಥ ಹಳೇದಾಗೋದು ಹೇಗ್ರೀ?"

"ಒಮ್ಮೆ ಬಸಿದು ನೋಡುವ."

"ನೋಡಿ ಬೇಕಾದ್ರೆ. ಜೇನುತುಪ್ಪದ ಹಾಗಿರುತ್ತೆ. ಚೆಲ್ಲಬೇಡಿ, ಅದನ್ನೇ ಮತ್ತೆ ಹಾಕಿ" ಎಂದು ಮರುಳಸಿದ್ದಪ್ಪ ಹೆಗಲ ಮೇಲೆ ಟವೆಲು ಹಾಕಿಕೊಂಡು ಬಚ್ಚಲಿಗೆ ನಡೆದರು. ಸ್ನಾನ, ಆಮೇಲೆ ಲಿಂಗಪೂಜೆ. ಅಷ್ಟು ಹೊತ್ತು ಮನೆಗೆ ಬೆಂಕಿ ಬಿದ್ದರೂ ಅವರು ಎದ್ದು ಬರುವವರಲ್ಲ.

ಇಳಿಸುವ ಮೊದಲೇ ತನ್ನನ್ನು ಕರೆಯಬಾರದಿತ್ತೇ ಎಂದು ಗೊಣಗುತ್ತ ನಾಣಯ್ಯ ಕಾರನ್ನು ಮತ್ತೆ ಶೆಡ್ಡಿಗೆ ತಳ್ಳಿಸಿ, ಜಾಕಿ ಕೊಟ್ಟು ಎತ್ತಿ, ಗೋಣಿಚೀಲ ಹಾಸಿಕೊಂಡು ಕೆಳಗೆ ಸೇರಿದ. ವಿಶಾಲಾಕ್ಷಮ್ಮ ಹಳೆಯ ಬೋಗುಣಿ ತಂದುಕೊಟ್ಟಳು. ಅವನು ಗೇರ್ ಬಾಕ್ಸಿನ ಅಡಿಯ ನಟ್ಟು ಬಿಚ್ಚಿದ. ಮೊದಲು ಸುರಿದದ್ದು ತಿಳಿನೀರು, ಒಂದು ಪಾವಿನಷ್ಟು. ಅದರ ಹಿಂದೆ, ಹಾಲು ಹೆಚ್ಚಾದ ಕಾಫಿಯ ಬಣ್ಣದ್ದೇನೋ ಗಟ್ಟಿಗಟ್ಟಿಯಾಗಿ ಇಳಿಯಿತು.

"ಅಯ್ಯೋ ಶಿವನೆ" ಎಂದಳು ಹುಚ್ಚಮ್ಮ. "ಕಾರಿನೊಳಗೂ ಕಾಫಿ ಕಾಯಿಸ್ತಾರಾ?"

ನಾಣಯ್ಯ ನಗಲಿಲ್ಲ. ಬೆರಳಲ್ಲಿ ಅದನ್ನು ಉಜ್ಜಿ ಬೆಳಕಿಗೆ ಹಿಡಿದ. ಬೆರಳ ತುದಿಯಲ್ಲಿ ಸಣ್ಣ ಸಣ್ಣ ಮಿಂಚು. "ಗೇರಿನ ಹಲ್ಲು ಸವೆದ ಪುಡಿ ಇದು. ತುಕ್ಕೂ ಉಂಟು" ಎಂದು ಮತ್ತೆ ಒಳಗೆ ಸರಿದವನು, "ಅಮ್ಮಾ, ಇಲ್ಲಿ ನೆಲದ ಮೇಲೆ ಎಂಥದು ಸುಣ್ಣದ ಗುರುತು? ವಾಸ್ತು ಪೂಜೆ ಏನಾದ್ರೂ ಮಾಡಿಸಿದ್ರಾ?" ಎಂದು ಕೇಳಿದ.

ವಿಶಾಲಾಕ್ಷಮ್ಮ ಕೆಂಡದ ವಿಷಯ ಹೇಳಿದಳು. ಅವನು ಹೊರಗೆ ಬಂದು ಚಕ್ರಕ್ಕೆ ಒರಗಿ ಕೂತು, ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡ.

"ದಿನಾ?"

"ದಿನಾ. ಜೂನಿನಿಂದ ಮಳೆ ನಿಲ್ಲೋ ತನಕ."

"ರಾತ್ರಿ ಬಿಸಿ ಇರ್ತದೆ, ಬೆಳಿಗ್ಗೆ ಹೊತ್ತಿಗೆ ತಣ್ಣಗೆ?"

"ಹೂಂ. ಬೆಳಿಗ್ಗೆ ಎದ್ದು ಬೂದಿ ತೆಗೀತೀನಿ."

ನಾಣಯ್ಯ ತಲೆ ಕೆರೆದುಕೊಂಡ. "ನೋಡಿ ಅಮ್ಮ, ಗೇರ್ ಬಾಕ್ಸು ಪೂರ್ತಿ ಮುಚ್ಚಿದ ಡಬ್ಬಿ ಅಲ್ಲ. ಅದರ ತಲೆ ಮೇಲೆ ಸಣ್ಣದೊಂದು ತೂತು ಉಂಟು, ಉಸಿರಾಡ್ಲಿಕ್ಕೆ. ಬಿಸಿಯಾದಾಗ ಒಳಗಿನ ಗಾಳಿ ಹೊರಗೆ ಹೋಗ್ತದೆ. ತಣ್ಣಗಾದಾಗ ಹೊರಗಿನ ಗಾಳಿಯನ್ನ ಒಳಗೆ ಎಳ್ಕೊಳ್ತದೆ. ನಮ್ಮ ಆಷಾಢದ ಗಾಳಿ ಅಂದ್ರೆ ಹಿಂಡಿದ್ರೆ ನೀರು. ಅದು ಒಳಗೆ ಹೋಗಿ ನೀರಾಗಿ ಕೂತ್ಕೊಳ್ತದೆ. ಕಾರು ದಿನಾ ಹತ್ತು ಮೈಲಿ ಓಡಿದ್ರೆ ಎಣ್ಣೆ ಕಾದು ಆ ನೀರು ಹಾರಿಹೋಗ್ತಿತ್ತು. ಇದು ಓಡೋದಿಲ್ಲ. ಕೆಂಡ ಇಟ್ಟದ್ದು ಸರಿಯಾಗಿ ಗೇರ್ ಬಾಕ್ಸಿನ ಕೆಳಗೇ. ಇಡದೆ ಸುಮ್ಮನೆ ಬಿಟ್ಟಿದ್ರೆ ಇಷ್ಟು ಹಾಳಾಗ್ತಿರ್ಲಿಲ್ಲ."

ವಿಶಾಲಾಕ್ಷಮ್ಮ ಬೋಗುಣಿಯನ್ನು ನೋಡಿದಳು. ವರ್ಷಕ್ಕೆ ನೂರು ಸಂಜೆ ಎಂದರೂ ಏಳುನೂರು ಸಂಜೆ. ಕಾರಿಗಾಗಿ ಅವಳಿಗೆ ಹೊಟ್ಟೆ ಉರಿಯಲಿಲ್ಲ. ನೆನಪಾದದ್ದು ಆ ಸಂಜೆಗಳು. ದೊಡ್ಡ ಮಗಳ ಸೀಮಂತಕ್ಕೆ ಶನಿವಾರಸಂತೆಗೆ ಹೋಗಿ, ಆರತಿ ಮುಗಿಯುವ ಮೊದಲೇ ಬಸ್ಸು ಹಿಡಿದು ಬಂದಿದ್ದಳು. ಮಗಳು ಆಮೇಲೆ ಎರಡು ತಿಂಗಳು ಕಾಗದ ಬರೆಯಲಿಲ್ಲ. ಅಕ್ಕಪಕ್ಕದವರು ಸಂಜೆ ಹೊತ್ತು ಕರೆಯುವುದನ್ನೇ ಬಿಟ್ಟಿದ್ದರು. ವಿಶಾಲಾಕ್ಷಮ್ಮನಿಗೆ ಕಾರಿಗೆ ಸಾಂಬ್ರಾಣಿ ಹಾಕುವುದಿದೆ ಎಂದು ಆಡಿಕೊಳ್ಳುತ್ತಿದ್ದರು. ಇಷ್ಟೆಲ್ಲ ಕಳೆದು ಕಾಪಾಡಿದ್ದು ಇದನ್ನು. ಅವಳಿಗೆ ನಗು ಬಂತು. ನಗು ಗಂಟಲಲ್ಲಿ ಕೆಮ್ಮಾಗಿ, ಬಾಗಿಲ ಚೌಕಟ್ಟು ಹಿಡಿದು ನಿಲ್ಲಬೇಕಾಯಿತು.

ನಾಣಯ್ಯ ಅದನ್ನು ಅಳುವೆಂದುಕೊಂಡ. "ನೀವು ಹೆದರಬೇಡಿ. ಒಂದು ಕೆಲಸ ಮಾಡ್ತೇನೆ. ಎಣ್ಣೆ ಸೋರದ ಹಾಗೆ ತಡೆಯೋ ಸೀಲು ಹೋಗಿದೆ ಅಂತ ಹೇಳ್ತೇನೆ. ಸೀಲು ಹೋಗೋದಕ್ಕೆ ಯಾರ ತಪ್ಪೂ ಬೇಕಿಲ್ಲ. ಯಜಮಾನ್ರು ಈ ಕೆಂಡದ ಉಪಾಯವನ್ನ ಮಡಿಕೇರಿಯಲ್ಲಿ ಕಾರಿಟ್ಟವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಈಗ ತಪ್ಪು ಅಂದ್ರೆ ಅವರಿಗೆ ಕಷ್ಟ, ಹೇಳಿದ ನನಗೂ ಕಷ್ಟ."

"ಸೀಲು ಹೊಸದು ಹಾಕಿದ್ರೆ ಬರೋ ಮಳೆಗಾಲಕ್ಕೆ ಮತ್ತೆ ಕೆಂಡ ಇಡು ಅಂತಾರೆ."

"ನೀವು ಇಡಬೇಡಿ. ಏನಾದ್ರೂ ನೆಪ ಹೇಳಿ."

"ನನ್ನ ಎದೆಯೇ ನೆಪ ಆಗಲಿಲ್ಲ ನಾಣಯ್ಯನೋರೆ, ಇನ್ಯಾವುದು ಹೇಳ್ಲಿ?" ಎಂದಳು ಅವಳು. "ನೀವು ಇದ್ದದ್ದು ಇದ್ದ ಹಾಗೆ ಹೇಳಬಹುದಲ್ಲ. ನೀವು ಹೇಳಿದ್ರೆ ಕೇಳ್ತಾರೆ."

ನಾಣಯ್ಯ ಮೀಸೆ ತಿರುವಿದ. "ಬರ್ಮಾದಲ್ಲಿ ಮೇಜರ್ ಸಾಹೇಬನ ಮುಖಕ್ಕೇ ಹೇಳಿದವ ನಾನು, ನಿನಗೆ ಲಾರಿ ಬಿಡ್ಲಿಕ್ಕೆ ಬರೋದಿಲ್ಲ ಅಂತ. ಆದ್ರೆ ಆ ಮೇಜರ್ ಮರುದಿನ ಬೇರೆ ಕಡೆ ಹೋದ. ನಿಮ್ಮ ಯಜಮಾನ್ರು ಇಲ್ಲೇ ಇರ್ತಾರೆ."

ವಿಶಾಲಾಕ್ಷಮ್ಮ ಮುಂದಿನದನ್ನು ಲೆಕ್ಕ ಹಾಕಿದಳು. ತಾನೇ ಹೇಳುವುದು, ಅವರು ಯಾಕೆ ಎನ್ನುವುದು, ವಿವರಿಸುವುದು, ಅವರು ಇನ್ನೊಂದು ಹೇಳುವುದು, ಮೂರು ದಿನ ತಟ್ಟೆಯ ಮುಂದೆ ಮಾತಿಲ್ಲದೆ ಕೂರುವುದು. ಅದಕ್ಕಿಂತ ಕೆಂಡ ಊದುವುದೇ ಹಗುರ ಅನ್ನಿಸಿತು. ಎಷ್ಟೋ ವಿಷಯಗಳನ್ನು ಅವಳು ಹೀಗೇ ಬಿಟ್ಟುಕೊಟ್ಟಿದ್ದಳು.

"ಹಾಗಾದ್ರೆ ಸೀಲು ಅಂತಲೇ ಹೇಳಿ" ಎಂದಳು.

ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಮರುಳಸಿದ್ದಪ್ಪ ಬಂದರು. ಬೋಗುಣಿ ಕಂಡು ಮುಖ ಸಣ್ಣದಾಯಿತು. ಕುಕ್ಕರಗಾಲಲ್ಲಿ ಕೂತು, ಬೆರಳದ್ದಿ, ಏಲಕ್ಕಿ ಪರೀಕ್ಷಿಸುವಂತೆ ಮೂಗಿನ ಬಳಿ ಹಿಡಿದು ಕಣ್ಣು ಮುಚ್ಚಿದರು.

"ನೀರು" ಎಂದರು.

"ಸೀಲು ಹೋಗಿದೆ" ಎಂದ ನಾಣಯ್ಯ, ಬೇರೆಲ್ಲೋ ನೋಡುತ್ತ.

"ಸೀಲು ಹೋದ್ರೆ ಒಳಗಿನ ಎಣ್ಣೆ ಹೊರಗೆ ಬರಬೇಕು. ನೆಲ ಒಣಗಿದೆ. ಹೊರಗಿನ ನೀರು ಒಳಗೆ ಹೋಗಿರೋದು ಹೇಗೆ?" ಮರುಳಸಿದ್ದಪ್ಪ ವ್ಯಾಪಾರಿ. ಚೀಲದ ಬಾಯಲ್ಲಿ ಒಳ್ಳೆಯ ಕಾಯಿ, ಅಡಿಯಲ್ಲಿ ಜಳ್ಳು ಇಟ್ಟು ತಂದವರನ್ನು ಮೂವತ್ತು ವರ್ಷ ನೋಡಿದವರು. ಅವರ ಕಣ್ಣು ಶೆಡ್ಡನ್ನೆಲ್ಲ ಸುತ್ತಿ, ಪೊರಕೆ ಹಿಡಿದು ನಿಂತ ಹುಚ್ಚಮ್ಮನ ಮೇಲೆ ನಿಂತಿತು. "ಏ ಹುಚ್ಚಮ್ಮ, ಕಾರು ತೊಳೆಯೋವಾಗ ಎಲ್ಲಿಗೆ ನೀರು ಸುರಿದೆ?"

"ನಾನ್ಯಾಕೆ ಸುರೀಲಿ ಬುದ್ದಿ! ಒದ್ದೆ ಬಟ್ಟೇಲಿ ಮೈ ಒರೆಸಿದ್ದೇ ಅಲ್ವಾ?"

"ಸುಳ್ಳು ಹೇಳಬೇಡ. ಮೇಲೆಲ್ಲೋ ತೂತಿಗೆ ಬಿಂದಿಗೆ ಬೋರಲು ಹಾಕಿದೀಯ. ಇಷ್ಟು ನೀರು ಆಕಾಶದಿಂದ ಬಂತಾ? ನಾಳೆಯಿಂದ ನೀನು ಈ ಮನೆ ಕಡೆ ಬರೋದೇ ಬೇಡ."

ಹುಚ್ಚಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಹದಿನೆಂಟು ವರ್ಷದಿಂದ ಅವಳು ಈ ಅಂಗಳ ಗುಡಿಸಿದವಳು. ನಾಣಯ್ಯ ತನ್ನ ಸ್ಪ್ಯಾನರನ್ನೇ ಉಜ್ಜುತ್ತಿದ್ದ.

"ಅವಳಲ್ಲ" ಎಂದಳು ವಿಶಾಲಾಕ್ಷಮ್ಮ. "ನಾನು."

"ನೀನು? ನೀನ್ಯಾಕೆ ನೀರು ಹಾಕ್ತೀಯ?"

"ನೀರು ಹಾಕಲಿಲ್ಲ. ಕೆಂಡ ಇಟ್ಟೆ. ನೀವು ಗುರುತು ಹಾಕಿದ ಜಾಗದಲ್ಲಿ, ಒಂದು ಅಂಗುಲ ಆಕಡೆ ಈಕಡೆ ಆಗದ ಹಾಗೆ." ಗೇರ್ ಬಾಕ್ಸಿನ ಉಸಿರಿನ ಸಂಗತಿಯನ್ನು ಅವಳು ತನಗೆ ತಿಳಿದಷ್ಟು ಹೇಳಿದಳು. ನಡುವೆ ಎರಡು ಸಲ ಕೆಮ್ಮು ಬಂತು. "ನಂಬಿಕೆ ಇಲ್ಲದಿದ್ರೆ ನಾಣಯ್ಯನೋರನ್ನ ಕೇಳಿ. ಸೀಲು ಅಂತ ನಾನೇ ಹೇಳಿಸಿದ್ದು."

ನಾಣಯ್ಯನಿಗೆ ಈಗ ಬೇರೆ ದಾರಿ ಇರಲಿಲ್ಲ. ಎದ್ದು ನಿಂತು, ಪಟಾಲಮ್ಮಿನಲ್ಲಿ ವರದಿ ಒಪ್ಪಿಸುವವನಂತೆ, ಬಿಸಿ ತಂಪು ಆವಿ ಎಲ್ಲವನ್ನೂ ಮತ್ತೊಮ್ಮೆ ಹೇಳಿದ.

ಮರುಳಸಿದ್ದಪ್ಪ ಪೂಜೆಯ ಮಡಿ ಪಂಚೆಯಲ್ಲೇ ನೆಲಕ್ಕೆ ಬಗ್ಗಿದರು. ಸುಣ್ಣದ ಗುರುತನ್ನು ನೋಡಿದರು, ಅದರ ನೇರ ಮೇಲೆ ನೋಡಿದರು. ಏಳುವಾಗ ವಿಭೂತಿಯ ಮೇಲೆ ಬೆವರು ಮೂಡಿತ್ತು. "ಪುಸ್ತಕದಲ್ಲಿ ಐದು ಸಾವಿರ ಮೈಲಿ ಅಂತ ಸ್ಪಷ್ಟವಾಗಿ ಬರೆದಿದೆ" ಎಂದರು ಕೊನೆಗೆ.

"ಅದು ದಿನಾ ಓಡೋ ಕಾರಿಗೆ. ಪುಸ್ತಕ ಬರೆದವ ಕೊಡಗಿನ ಮಳೆ ಕಂಡವನಲ್ಲ" ಎಂದ ನಾಣಯ್ಯ. "ನಿಂತ ಕಾರಿಗೆ ಮೈಲಿ ಲೆಕ್ಕ ಹಿಡೀಬಾರದು, ಮಳೆಗಾಲ ಲೆಕ್ಕ ಹಿಡೀಬೇಕು. ವರ್ಷಕ್ಕೊಮ್ಮೆ, ಮಳೆ ಬಿಟ್ಟ ಕೂಡಲೇ ಬದಲಾಯಿಸಿ. ನೂರು ಮೈಲಿ ಓಡಿರಲಿ, ಓಡದೇ ಇರಲಿ."

"ಸರಿ. ಎಣ್ಣೆ ವರ್ಷಕ್ಕೊಮ್ಮೆ. ಗುರುತು ಹಾಕಿದ್ದು ತಪ್ಪು, ಒಪ್ಪಿದೆ." ಮರುಳಸಿದ್ದಪ್ಪ ಹೆಜ್ಜೆಯಲ್ಲಿ ಅಳೆಯುತ್ತ ಹಿಂದಿನ ಚಕ್ರದ ಕಡೆ ಎರಡು ಅಡಿ ನಡೆದರು. ಹಿಮ್ಮಡಿಯಿಂದ ನೆಲ ಒತ್ತಿದರು. "ಬರೋ ವರ್ಷ ಇಲ್ಲಿ ಇಟ್ಟರಾಯ್ತು. ಗೇರ್ ಬಾಕ್ಸಿಗೆ ಬಿಸಿ ತಾಗಲ್ಲ, ಕಾರೂ ಒಣಗುತ್ತೆ. ಏನಂತೀಯ ವಿಶಾಲು?"

ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಒಂದು ತೊಡಕು ಬಿಡಿಸಿದ ಹುರುಪು ಇತ್ತು. ಅದನ್ನು ಕೇಳಿ ವಿಶಾಲಾಕ್ಷಮ್ಮನಿಗೆ, ತನ್ನೊಳಗೆ ಇಷ್ಟು ದಿನ ಏನೋ ಕಾಯುತ್ತ ನಿಂತಿದ್ದದ್ದು ಕುಸಿದು ಕೂತಂತಾಯಿತು.

"ನಾನು ಇಡಲ್ಲ" ಎಂದಳು.

"ಏನು?"

"ಅಲ್ಲೂ ಇಡಲ್ಲ, ಇಲ್ಲೂ ಇಡಲ್ಲ. ನನ್ನ ಕೈಲಾಗಲ್ಲ."

"ಮತ್ತೆ ಯಾರು ಇಡೋದು?"

"ನಿಮ್ಮ ಮೂಗು ತಡೆಯೋದಾದ್ರೆ ನೀವಿಡಿ. ನನ್ನ ಎದೆ ತಡೆಯಲ್ಲ."

ನಾಣಯ್ಯನಿಗೆ ಕಾರಿನ ಕೆಳಗೆ ತುರ್ತು ಕೆಲಸವೇನೋ ನೆನಪಾಯಿತು. ಹುಚ್ಚಮ್ಮ 'ಅಮ್ಮಾರೆ' ಎಂದು ಮೆಲ್ಲಗೆ ಕರೆದಳು. ಮರುಳಸಿದ್ದಪ್ಪ ಹೆಂಡತಿಯನ್ನು ನೋಡಿದರು. ಅವಳು ಸಿಟ್ಟಾಗಿದ್ದರೆ ಅವರಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಅವಳು ಬರೀ ದಣಿದು ನಿಂತಿದ್ದಳು. ಅವರು ಒಳಗೆ ಹೋಗಿ ಪ್ಯಾಂಟು ತೊಟ್ಟು ಬಂದರು.

ನಾಣಯ್ಯ ತೆಳು ಎಣ್ಣೆ ಹಾಕಿ ಒಳಗೆಲ್ಲ ತೊಳೆದು ಬಸಿದ, ತಾನು ತಂದಿದ್ದ ಡಬ್ಬಿಯಿಂದ ಹೊಸ ಎಣ್ಣೆ ತುಂಬಿದ. ಇಬ್ಬರೂ ಕೂತು ಶಾಂತಳ್ಳಿ ರಸ್ತೆಗೆ ಹೋದರು. ಏರಿನಲ್ಲಿ ಗೇರು ಬದಲಾಗುವ ಸದ್ದು ಅಂಗಳಕ್ಕೆ ಕೇಳಿಸುತ್ತಿತ್ತು. ವಿಶಾಲಾಕ್ಷಮ್ಮ ಶೆಡ್ಡಿನ ಹೊಸ್ತಿಲ ಮೇಲೆ ಕೂತಳು. ಹಗುರಾಗಬಹುದು ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ, ಬಹಳ ಹೊತ್ತು ಹೊರೆ ಹೊತ್ತವರಿಗೆ ಇಳಿಸಿದ ಮೇಲೂ ಕತ್ತು ಸೆಟೆದೇ ಇರುವಂತೆ, ಅಷ್ಟೇ.

"ಯಜಮಾನ್ರು ವಾಪಸ್ಸು ಬಂದು ಬೈತಾರೆ" ಎಂದಳು ಹುಚ್ಚಮ್ಮ.

"ಬೈಲಿ ಬಿಡು. ನೀನು ನಾಳೆ ಬಾ."

ಒಂದು ಗಂಟೆಯ ಮೇಲೆ ಕಾರು ಬಂತು. ಮರುಳಸಿದ್ದಪ್ಪನವರ ಮುಖ ಬಿಸಿಲಿಗೆ ಕೆಂಪಾಗಿತ್ತು. ಇಳಿದವರು ಹೆಂಡತಿಯ ಕಡೆ ನೋಡದೆ ನಾಣಯ್ಯನಿಗೆ ಹೇಳಿದರು: "ಮೈಸೂರಿನ ಗಡಿ ಹತ್ತಿರ, ಕುಶಾಲನಗರದಲ್ಲಿ ನಮ್ಮ ನೆಂಟ ಸಣ್ಣಸ್ವಾಮಿದು ಭತ್ತದ ಉಗ್ರಾಣ ಇದೆ. ಅಲ್ಲಿ ಮಳೆ ನಮ್ಮ ಕಾಲುಭಾಗವೂ ಇಲ್ಲ, ಗಾಳಿ ಒಣ. ಜೂನಿಗೆ ಕಾರನ್ನ ಅಲ್ಲಿ ಬಿಟ್ಟುಬಿಡ್ತೀನಿ. ಕೆಂಡದ ತಾಪತ್ರಯವೇ ಇರಲ್ಲ."

"ಕೊಡಗನ್ನೇ ಮೈಸೂರಿಗೆ ಸೇರಿಸ್ತಾರಂತೆ, ಕಾರು ಮೊದಲು ಹೊರಟಿತು ಅನ್ನಿ" ಎಂದು ನಾಣಯ್ಯ ನಕ್ಕ. ಮಾತು ತಿಳಿಯಾದದ್ದಕ್ಕೆ ಅವನಿಗೆ ಸಮಾಧಾನವಾಗಿತ್ತು.

ಬೇಕಾದದ್ದು ಸಿಕ್ಕಿತಲ್ಲ ಎಂದು ವಿಶಾಲಾಕ್ಷಮ್ಮ ತನಗೆ ತಾನೇ ಹೇಳಿಕೊಂಡಳು. ಒಂದು ಗಂಟೆಯಲ್ಲಿ ಕಾರಿಗೆ ಒಣ ಊರು ಹುಡುಕಿದವರು ಅವಳ ಗಂಡ. ಮೂರು ವರ್ಷದಿಂದ ಸಿಳ್ಳೆ ಹೊಡೆಯುವ ಎದೆಯ ಪಕ್ಕದಲ್ಲೇ ಮಲಗಿದವರೂ ಅವರೇ. ಅದನ್ನು ಹೇಳಿ ಜಗಳವಾಡುವ ತ್ರಾಣ ಅವಳಲ್ಲಿರಲಿಲ್ಲ. ಕೇಳುವಷ್ಟು ಮಾತ್ರ ಇತ್ತು.

"ಸಣ್ಣಸ್ವಾಮಿಯವರ ಮನೇಲಿ ಒಂದು ಕೋಣೆ ಖಾಲಿ ಇರುತ್ತಾ, ಕೇಳಿ" ಎಂದಳು.

"ಕೋಣೆ ಯಾಕೆ? ಉಗ್ರಾಣವೇ ಸಾಕು ಕಾರಿಗೆ."

"ಕಾರಿಗಲ್ಲ, ನನಗೆ. ಮಳೆ ಮುಗಿಯೋ ತನಕ."

ಮರುಳಸಿದ್ದಪ್ಪ ಕಾರಿನ ಬಾಗಿಲು ಹಿಡಿದವರು ಹಾಗೇ ನಿಂತರು. "ನಾಲ್ಕು ತಿಂಗಳು ಇಲ್ಲಿ ಮನೆ ಯಾರು ನೋಡ್ಕೊಳ್ಳೋದು?" ಎಂದರು. ಅದು ತಾನು ಉತ್ತರಿಸಬೇಕಾದ ಪ್ರಶ್ನೆಯಲ್ಲ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು. ಅವರು ನಾಣಯ್ಯನನ್ನು ನೋಡಿದರು. ಅವನು ನೆಲ ನೋಡಿದ. "ಕೇಳ್ತೀನಿ" ಎಂದರು ಮರುಳಸಿದ್ದಪ್ಪ. ಮಂಡಿಯಲ್ಲಿ ಮಾಲು ಇಷ್ಟವಾಗಿ ಬೆಲೆ ಕುದುರದಿದ್ದಾಗ ಹೇಳುವ ದನಿಯಲ್ಲೇ ಹೇಳಿದರು. ಆದರೂ ಹೇಳಿದರು.

ವಿಶಾಲಾಕ್ಷಮ್ಮ ಎದ್ದು ಒಳಗೆ ಹೋದಳು. ಅಡುಗೆಮನೆ ದಾಟಿ, ನಡುಮನೆಯಲ್ಲಿ ಚಾಪೆ ಬಿಡಿಸಿ, ಹಗಲು ಹನ್ನೆರಡು ಗಂಟೆಗೆ ಮಲಗಿದಳು. ಊಟಕ್ಕೆ ಎಷ್ಟು ಹೊತ್ತಾಗುತ್ತೆ ಎಂದು ಗಂಡ ಹೊರಗಿನಿಂದ ಕೇಳಿದ್ದು ಕಿವಿಗೆ ಬಿದ್ದರೂ ಏಳಲಿಲ್ಲ. ಹುಚ್ಚಮ್ಮ ಏನೋ ಹೇಳುತ್ತಿದ್ದಳು.